ಟ್ಯಾಂಕಿಯ ಗುಡ್ಡದ ನಾಗರ

ದೇವಪ್ಪ ಸುಳ್ಳು ಹೇಳಿ ರೂಢಿಯಿದ್ದ ಮನುಷ್ಯನಲ್ಲ. ಐವತ್ತೆರಡು ವರ್ಷದಲ್ಲಿ ಹೇಳಿದ್ದನ್ನೆಲ್ಲ ಸೇರಿಸಿದರೂ, ಯಾರದೋ ಮನೆಯಲ್ಲಿ ನಾಚಿಕೆಗೆ "ಊಟ ಆಯ್ತು" ಅಂದಂಥ ಸಣ್ಣಪುಟ್ಟವೇ. ಹಾಗಾಗಿ ಆ ಬೆಳಿಗ್ಗೆ ಕಮಲಕ್ಕ ಓಡಿ ಬಂದು, "ಅಯ್ಯೋ, ಕಾಣ್ಲಿಲ್ವ ನಿಂಗೆ?" ಎಂದು ಕೇಳಿದಾಗ, "ಕಾಣ್ಲಿಲ್ಲ" ಅನ್ನುವ ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಅವನಿಗೇ ಆಶ್ಚರ್ಯವಾಯಿತು.

ಕಂಡಿತ್ತು. ಚೆನ್ನಾಗಿಯೇ ಕಂಡಿತ್ತು.

ಅದು ಎರಡು ಸಾವಿರದ ಎಂಟನೆಯ ಇಸವಿ, ದೀಪಾವಳಿ ಕಳೆದು ಎರಡು ವಾರ. ಕಮ್ಮರಡಿ ಪೇಟೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಪಂಚಾಯಿತಿಯ ನೀರಿನ ಟ್ಯಾಂಕಿ. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿಗೆ ಹತ್ತುವ ದಾರಿಯಲ್ಲಿ ಎಮ್ಮೆ ಮಲಗಿದರೂ ಕಾಣದಷ್ಟು ಹುಲ್ಲು, ಲಂಟಾನ. ದಿನಾ ಹತ್ತಿಳಿದು ನೀರು ಬಿಡುವ ಪುಟ್ಟಯ್ಯ, "ನಾನು ಸತ್ರೆ ಆ ಹುಲ್ಲೊಳಗೇ ಹುಡುಕ್ಕಳಿ" ಎಂದು ಪಂಚಾಯಿತಿಯಲ್ಲಿ ಕೂಗಾಡಿದ ಮೇಲೆ ದೇವಪ್ಪನಿಗೆ ಕರೆ ಬಂತು. ಹುಲ್ಲು ಹೊಡೆಯುವ ಮಿಷನ್ ಆ ಸೀಮೆಗೆ ಬಂದು ಎರಡು ವರ್ಷವಾಗಿತ್ತು, ಅದನ್ನು ಹೆಗಲಿಗೆ ಹಾಕಿಕೊಂಡು ಇಡೀ ದಿನ ಸೊಂಟ ನೋವೆನ್ನದೆ ಓಡಿಸುವವರಲ್ಲಿ ದೇವಪ್ಪನದೇ ಮೊದಲ ಹೆಸರು. ಅವನು ಹೊಡೆದು ಮುಂದೆ ಹೋದಂತೆ, ಬಿದ್ದ ಹುಲ್ಲನ್ನು ಎಳೆದು ರಾಶಿ ಹಾಕುವ ಕೆಲಸ ಕಮಲಕ್ಕನದು.

ಹೊಲ, ತೋಟ, ಎಸ್ಟೇಟು ಎಲ್ಲೇ ಇರಲಿ, ಕೆಲಸದ ನಡುವೆ ನಾಗರ ಕಂಡರೆ ಈ ಕಡೆಯ ಜನಕ್ಕೆ ಒಂದು ಕ್ರಮವಿದೆ. ಕತ್ತಿ ಕೆಳಗಿಡಬೇಕು, ಮಿಷನ್ನಾದರೆ ಆರಿಸಬೇಕು. ಕೈ ಮುಗಿದು "ನಿನ್ನ ದಾರಿಗೆ ನೀ ಹೋಗಪ್ಪ" ಅನ್ನಬೇಕು. ಅದು ಹೋಗುವವರೆಗೆ ನಿಲ್ಲಬೇಕು, ಅರ್ಧ ಗಂಟೆಯಾದರೂ ಸರಿಯೇ. ಮೇಸ್ತ್ರಿಗಳೂ ಆ ಅರ್ಧ ಗಂಟೆಗೆ ಕೊಂಕು ತೆಗೆಯುವುದಿಲ್ಲ. ಕೇರೆಗೆ ಇಲ್ಲದ ಮರ್ಯಾದೆ, ಮಂಡಲಕ್ಕೆ ಇಲ್ಲದ ಮರ್ಯಾದೆ, ನಾಗರಕ್ಕೆ ಮಾತ್ರ. ಅದನ್ನು ಕೊಂದವನ ವಂಶ ಬೆಳೆಯುವುದಿಲ್ಲ ಅನ್ನುವುದು ಕೂಸುಗಳಿಗೂ ಗೊತ್ತು.

ದೇವಪ್ಪನೂ ನಲವತ್ತು ವರ್ಷ ಹಾಗೇ ಕೈ ಮುಗಿದವನು. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಬಸವಮ್ಮ ಮನೆಯ ಹಿಂದಿನ ಸೌದೆ ರಾಶಿಯಿಂದ ಎರಡು ತುಂಡು ಎಳೆಯಲು ಹೋಗಿ ನಾಗರದಿಂದ ಕೈಗೆ ಕಚ್ಚಿಸಿಕೊಂಡಳು. ದೇವಪ್ಪ ಬಡಿಗೆ ಎತ್ತಿದ್ದ. ಅಕ್ಕಪಕ್ಕದವರು ಓಡಿಬಂದು ಅವನ ತೋಳು ಹಿಡಿದರು: "ಬ್ಯಾಡ ಬ್ಯಾಡ, ನಾಗಪ್ಪ ಅದು." ಹಾವು ಅವಸರವಿಲ್ಲದೆ ಬೇಲಿಯ ಕಡೆ ಹರಿದು ಹೋಯಿತು. ಬಸವಮ್ಮ ಜೀಪಿನಲ್ಲಿ, ಕೊಪ್ಪದ ಆಸ್ಪತ್ರೆ ಇನ್ನೂ ಮೂರು ಮೈಲಿ ಇರುವಾಗ ಹೋದಳು. ಹದಿಮೂರನೆಯ ದಿನ ಬಂದವರೆಲ್ಲ ಅವಳ ಋಣ ಮುಗಿದಿತ್ತು ಅಂದರು. ದೇವಪ್ಪ ಹೌದು ಅಂದ. ಅದಾದ ಮೇಲೂ ನಾಗರ ಕಂಡಾಗ ಕೈ ಮುಗಿಯುತ್ತಲೇ ಇದ್ದ, ಹಲ್ಲು ಮಾತ್ರ ಕಚ್ಚಿರುತ್ತಿತ್ತು.

ಆ ಬೆಳಿಗ್ಗೆ ಟ್ಯಾಂಕಿಯಿಂದ ಇಪ್ಪತ್ತು ಮಾರು ಕೆಳಗೆ, ಕಲ್ಲಿನ ಗುಪ್ಪೆಯೊಂದರ ಬುಡದ ಹುಲ್ಲು ಬಾಗಿದಾಗ, ಎರಡು ಸುತ್ತು ಸುತ್ತಿಕೊಂಡು ಹೆಡೆ ಎತ್ತಿ ಕೂತದ್ದು ಕಂಡಿತು. ಕಲ್ಲು ಸಿಡಿಯದಿರಲೆಂದು ಕಣ್ಣಿಗೆ ಹಾಕಿದ್ದ ಬಲೆ ಕನ್ನಡಕದ ಮೇಲೆ ಹುಲ್ಲಿನ ಚೂರು ಮೆತ್ತಿದ್ದರೂ ಹೆಡೆ ಹೆಡೆಯೇ. ದೇವಪ್ಪ ಮಿಷನ್ನಿನ ವೇಗ ತಗ್ಗಿಸಿದ. ಕೈ ಮುಗಿಯಬೇಕಿತ್ತು. ಹಾವು ಅಲುಗಲಿಲ್ಲ, ಹೆದರಲಿಲ್ಲ, ಅವನನ್ನೇ ನೋಡುತ್ತಿತ್ತು. ಯಾರೂ ತೋಳು ಹಿಡಿಯುವವರಿರಲಿಲ್ಲ. ಅವನಿಗೆ ಬಸವಮ್ಮನ ಕಪ್ಪಾದ ಕೈ ನೆನಪಾಯಿತು. ಬೆರಳು ತಾನಾಗಿ ಒತ್ತಿತು. ಮಿಷನ್ ಅರಚಿತು, ಹೆಡೆ ಹಾರಿ ಲಂಟಾನದೊಳಗೆ ಬಿತ್ತು.

ಒಂದೇ ಒಂದು ಕ್ಷಣ ಎದೆಯೊಳಗೆ ಎಂಥದೋ ಹಗುರವಾಯಿತು. ಆ ಕ್ಷಣ ಕಳೆದದ್ದೇ ಶಾಲಿನಿಯ ನೆನಪಾಗಿ, ಮಿಷನ್ ಆರಿಸಿಬಿಟ್ಟ.

ಶಾಲಿನಿ ಅವನ ಒಬ್ಬಳೇ ಮಗಳು. ಎಂಟು ತಿಂಗಳ ಬಸುರಿ, ಬಾಣಂತನಕ್ಕೆಂದು ಬೇಗಾರಿನ ಗಂಡನ ಮನೆಯಿಂದ ಬಂದು ಹದಿನೈದು ದಿನವಾಗಿತ್ತು. ಹಿಂದೆ ಒಂದು ಬಸಿರು ನಿಂತದ್ದು ಹೋಗಿತ್ತು, ಇದು ಎರಡನೆಯದು. ಬಸುರಿಯ ಮನೆಯವರು ಸಾಮಾನ್ಯ ಹಾವಿಗೂ ಕೋಲು ಎತ್ತಬಾರದು ಅನ್ನುತ್ತಾರೆ. ಅವಳ ಅತ್ತೆ ಸರ್ವಮಂಗಳಾ ಮಡಿ, ಮೈಲಿಗೆ, ದೋಷ, ಶಾಂತಿ ಅಂತ ಎಣಿಸುತ್ತಲೇ ಬದುಕಿದವರು. ಸೊಸೆಯ ಅಪ್ಪ ಬೇಕೆಂದೇ ನಾಗರ ಕೊಂದ ಅಂತ ಅವರ ಕಿವಿಗೆ ಬಿದ್ದರೆ ಮಗಳ ಗತಿ ಏನು? ಅದಕ್ಕಿಂತ ದೊಡ್ಡದು, ಹೊಟ್ಟೆಯೊಳಗಿನದರ ಗತಿ ಏನು? ದೇವಪ್ಪ ಹೆಗಲಿನ ಪಂಚೆ ತೆಗೆದು, ಮುಖ ತಿರುಗಿಸಿಕೊಂಡೇ, ಲಂಟಾನದೊಳಗಿನ ಹೆಡೆಯನ್ನು ಕೋಲಿನಿಂದ ಮೈಯ ಪಕ್ಕಕ್ಕೆ ಎಳೆದು, ಆ ಎರಡು ತುಂಡಿನ ಮೇಲೆ ಹೊದಿಸಿದ. ಸತ್ತ ನಾಗರವನ್ನು ಬರಿಗಣ್ಣಿನಲ್ಲಿ ದಿಟ್ಟಿಸಬಾರದು. ಹೀಗೆ ಯಾರೂ ಅದನ್ನು ಸರಿಯಾಗಿ ನೋಡಲೇ ಇಲ್ಲ, ಆಮೇಲಿನದಕ್ಕೆಲ್ಲ ಅದೇ ಮೂಲ.

ಪುಟ್ಟಯ್ಯ ಫೋನ್ ಮಾಡಿ ಮಧ್ಯಾಹ್ನದ ಬಸ್ಸಿಗೆ ಹರಿಹರಪುರದ ಕಡೆಯಿಂದ ಗಣೇಶಮೂರ್ತಿ ಭಟ್ಟರನ್ನು ಕರೆಸಿದ. ಭಟ್ಟರಿಗೆ ಎಪ್ಪತ್ತು ದಾಟಿತ್ತು. ಒಂದು ಕಣ್ಣಿನ ಪೊರೆ ತೆಗೆಸಿ, ಇನ್ನೊಂದರದ್ದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದರು. ಗುಡ್ಡ ಹತ್ತಿ, ಏದುಸಿರು ಬಿಡುತ್ತ ಟ್ಯಾಂಕಿಯ ನೆರಳಿನಲ್ಲಿ ಕೂತು, ಮೊದಲು ಕೇಳಿದ್ದೇ ಅದನ್ನು.

"ದೇವಪ್ಪ, ಇದು ಗೊತ್ತಿದ್ದು ಆಗಿದ್ದ, ಗೊತ್ತಿಲ್ದೆ ಆಗಿದ್ದ?"

"ಎಂತಕೆ ಭಟ್ರೇ?"

"ಎಂತಕೆ ಅಂದ್ರೆ ಎರಡಕ್ಕೂ ದಾರಿ ಬೇರೆ ಮಾರಾಯ. ಗೊತ್ತಿಲ್ದೆ ಆಗಿದ್ದಾದ್ರೆ ಇಲ್ಲೇ ಸಂಸ್ಕಾರ ಮಾಡಿ ಹಾಲು ತುಪ್ಪ ಬಿಟ್ರೆ ಆಯ್ತು. ಬೇಕು ಅಂತ ಮಾಡಿದ್ದಾದ್ರೆ ಸುಬ್ರಹ್ಮಣ್ಯಕ್ಕೆ ಹೋಗಿ ಕೂತು ಮಾಡಿಸ್ಬೇಕು, ಮನೆಯವ್ರೆಲ್ಲ ಹೋಗ್ಬೇಕು. ಒಂದು ಹೇಳಿ ಇನ್ನೊಂದು ಮಾಡಿಸಿದ್ರೆ ಬೆಂಕಿ ಬರೀ ಸೌದೆ ಸುಡ್ತದೆ, ದೋಷ ಸುಡಲ್ಲ."

ಸುತ್ತ ಆರೇಳು ಜನ ಸೇರಿದ್ದರು. ಪುಟ್ಟಯ್ಯನ ಬಾಯಿ ಪಂಚಾಯಿತಿಯ ಮೈಕಿಗಿಂತ ಜೋರು. ಇಲ್ಲಿ ಹೇಳಿದ್ದು ಸಂಜೆಯ ಬಸ್ಸಿಗೇ ಬೇಗಾರು ತಲುಪುತ್ತದೆ. ದೇವಪ್ಪ ಕಮಲಕ್ಕನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಗೊತ್ತಿಲ್ದೆ ಆಗಿದ್ದು," ಅಂದ.

ಬಂಡೆಯ ಮೇಲೆ ಮಾವಿನ ಸೌದೆ ಒಟ್ಟಿದರು. ಬಿಳಿ ಬಟ್ಟೆ, ತಾಮ್ರದ ಕಾಸು, ಹಾಲು, ತುಪ್ಪ, ಗಂಧದ ಚೂರು ಎಲ್ಲ ಬಂತು. ದೇವಪ್ಪ ಪಂಚೆ ಸಮೇತ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಎತ್ತಿ ಸೌದೆಯ ಮೇಲಿಟ್ಟ. ಕೈಗೆ ತಣ್ಣಗೆ, ಬಿಗಿಯಾಗಿ ಹತ್ತಿತು. ಸತ್ತದ್ದೆಲ್ಲ ತಣ್ಣಗೇ ತಾನೆ ಅಂದುಕೊಂಡ. ಭಟ್ಟರು ಮಂತ್ರ ಹೇಳಿ, ಕೊನೆಗೆ ಕನ್ನಡದಲ್ಲೇ ಹೇಳಿಸಿದರು: "ಅರಿಯದೆ ನನ್ನ ಕೈಯಿಂದಾದ ಅಪರಾಧವನ್ನು ಮನ್ನಿಸು." ದೇವಪ್ಪನ ನಾಲಿಗೆ "ಅರಿಯದೆ"ಗೆ ಬಂದು ನಿಂತಿತು. ಭಟ್ಟರು ಇನ್ನೊಮ್ಮೆ ಹೇಳಿಸಿದರು. ಎರಡನೆಯ ಸಲ ಹೇಳಿದ, ಹೇಳಿ ಕಣ್ಣು ಮುಚ್ಚಿಕೊಂಡ. ಮೊಮ್ಮಗುವನ್ನು ತಾನೇ ಕೈಯಾರೆ ಆ ಸೌದೆಯ ಮೇಲೆ ಮಲಗಿಸಿದೆ ಅನ್ನಿಸಿತು.

ಬೆಂಕಿ ಹತ್ತಿತು. ಬಟ್ಟೆ ಉರಿಯುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಕಡುಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಎದ್ದು ಭಟ್ಟರ ಮುಖಕ್ಕೇ ತಿರುಗಿತು.

"ಭಟ್ರೇ, ಇದೆಂತ ಟಯರ್ ಸುಟ್ಟ ವಾಸ್ನೆ?" ಅಂದ ಪುಟ್ಟಯ್ಯ.

"ಸುಮ್ನಿರಾ. ವಿಷ ಇರೋ ಜೀವ, ವಾಸನೆ ಬರ್ದೆ ಇರ್ತದ?" ಭಟ್ಟರು ಕೆಮ್ಮುತ್ತಲೇ ಗದರಿದರು.

ಒಳಗೆ ಏನೋ ಟಪ್ ಎಂದು ಸಿಡಿಯಿತು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

ಅಷ್ಟು ಹೊತ್ತಿಗೆ ಕೆಳಗಿನ ದಾರಿಯಿಂದ ಒಬ್ಬರು ಹತ್ತಿ ಬಂದರು. ಪ್ಯಾಂಟನ್ನು ಮಂಡಿಯವರೆಗೆ ಮಡಿಸಿದ್ದರು. ಅಂಗೈಯಲ್ಲಿದ್ದ ಪುಟ್ಟ ಯಂತ್ರ ನೋಡುತ್ತ ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟು ಕಲ್ಲಿನ ಗುಪ್ಪೆಯ ಹತ್ತಿರ ನಿಂತರು. ಬಗ್ಗಿ ನೋಡಿದರು, ಸುತ್ತ ನೋಡಿದರು, ಯಂತ್ರಕ್ಕೆ ಒಮ್ಮೆ ತಟ್ಟಿದರು. ಕೊಪ್ಪದ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಉಮಾಮಹೇಶ್ವರ ಮೇಷ್ಟ್ರು. ಪುಟ್ಟಯ್ಯನ ಮಗನಿಗೂ ಪಾಠ ಮಾಡಿದವರು, ಹಾಗಾಗಿ ಅವನಿಗೆ ಗುರುತಿತ್ತು.

"ಇಲ್ಲೊಂದು ಹಾವಿತ್ತಲ್ಲ, ಕಂಡ್ರಾ?" ಮೇಷ್ಟ್ರು ಕೇಳಿದರು.

"ಕಂಡ್ವಿ ಸಾರ್. ಅದನ್ನೇ ಸುಡ್ತಾ ಇರೋದು," ಅಂದ ಪುಟ್ಟಯ್ಯ.

"ಸುಡ್ತಾ ಇದೀರಾ?" ಮೇಷ್ಟ್ರು ಹೌಹಾರಿದರು. "ಅಯ್ಯೋ, ಅದು ನಂದು!"

"ಹಾವು ನಿಮ್ದಾ?" ಅಂದಳು ಕಮಲಕ್ಕ.

ಮೇಷ್ಟ್ರು ತಪ್ಪು ಮಾಡಿದ ಹುಡುಗನ ಹಾಗೆ ನಿಂತು ಎಲ್ಲ ಹೇಳಿದರು. ಜಿಯೋಕ್ಯಾಶಿಂಗ್ ಅಂತ ಒಂದು ಆಟ. ಒಂದು ಡಬ್ಬಿ ಅಡಗಿಸಿಡುವುದು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುವುದು. ಲೋಕದ ಯಾವ ಮೂಲೆಯವರಾದರೂ ಜಾಗ ತೋರಿಸುವ ಈ ಜಿಪಿಎಸ್ ಯಂತ್ರ ಹಿಡಿದು ಹುಡುಕಿ ಬಂದು, ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಹೋಗಬೇಕು. ದಾರಿಹೋಕರು ಡಬ್ಬಿ ಎತ್ತಿಕೊಂಡು ಹೋಗದಿರಲಿ ಅಂತ ಮೇಷ್ಟ್ರು ಸುಳ್ಳು ಪ್ರಾಣಿಗಳನ್ನು ಮಾಡಿಟ್ಟಿದ್ದರು. ನರಸಿಂಹರಾಜಪುರದ ಹಿನ್ನೀರಿನ ದಂಡೆಯಲ್ಲಿ ಸಿಮೆಂಟಿನ ಆಮೆ, ಶೃಂಗೇರಿಯ ದಾರಿಯ ಹಳ್ಳ ದಾಟುವ ಕಾಲುಸಂಕದ ಅಡಿಯಲ್ಲಿ ಪ್ಲಾಸ್ಟಿಕ್ ಕಪ್ಪೆ, ಇಲ್ಲಿ ಶಿವಮೊಗ್ಗದಿಂದ ತಂದ ರಬ್ಬರ್ ನಾಗರ. ಹೊಟ್ಟೆ ಕೊಯ್ದು ಒಳಗೆ ಫೋಟೋ ರೀಲಿನ ಡಬ್ಬಿ ಇಟ್ಟಿದ್ದರು. ಮಳೆಗೆ ಚೀಟಿ ನೆನೆದಿರಬಹುದು, ಬದಲಿಸೋಣ ಅಂತ ಈಗ ಬಂದದ್ದು. ತಾವೇ ಇಟ್ಟದ್ದನ್ನು ಹುಡುಕಲೂ ಯಂತ್ರ ಹಿಡಿದು ಬರುವಷ್ಟು ಅದರ ಹುಚ್ಚು.

"ಅಡಗ್ಸೋದು ಎಂತಕೆ, ಹುಡ್ಕೋದು ಎಂತಕೆ? ಕೈಗೇ ಕೊಡ್ಬಾರ್ದ?" ಕಮಲಕ್ಕ ಹೀಗೆ ಕೇಳಿದಾಗ ಮೇಷ್ಟ್ರು ಯಂತ್ರವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಭಟ್ಟರು ಒಂದು ಕೋಲಿನಿಂದ ಬೂದಿ ಕೆದಕಿದರು. ಕರಗಿ ಅಂಟಂಟಾದ ಕಪ್ಪು ಮುದ್ದೆ, ಅದರೊಳಗೆ ಡಬ್ಬಿಯ ಮುಚ್ಚಳದ ತುಂಡು, ತಾಮ್ರದ ಕಾಸು. ಭಟ್ಟರ ಮೀಸೆಯಿಲ್ಲದ ತುಟಿ ಮೊದಲು ಅದುರಿತು, ಆಮೇಲೆ ಹೊಟ್ಟೆ ಕುಣಿಯಿತು. "ಹಗ್ಗವನ್ನ ಹಾವು ಅಂತ ತಿಳಿಯೋದು ಪಾಠದಲ್ಲಿ ಓದಿದ್ದೆ. ರಬ್ಬರಿಗೆ ಮಂತ್ರ ಹೇಳಿ ತುಪ್ಪ ಎರೆದವನು ನಾನೇ ಮೊದಲಿರ್ಬೇಕು!" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ಅಲ್ಲ ಮಾರಾಯ್ರೆ, ನೀವು ಇಲ್ಲಿಯವ್ರೇ. ನಾಗರ ಕಂಡ್ರೆ ನಮ್ಮ ಜನ ಎಂತ ಮಾಡ್ತಾರೆ ಅಂತ ಗೊತ್ತಿಲ್ವ?"

"ಹೆದರಿ ಓಡ್ತಾರೆ ಅಂದ್ಕಂಡೆ ಭಟ್ರೇ. ಬೇರೆ ದೇಶದವ್ರು ಹಂಗೇ ಬರೆದಿದ್ರು." ಪುಟ್ಟಯ್ಯ ದೇವಪ್ಪನನ್ನು ತೋರಿಸಿ ಹೆಸರು ಹೇಳಿದ ಮೇಲೆ ಮೇಷ್ಟ್ರು ಅವನ ಎದುರು ಬಂದು ಕೈ ಮುಗಿದರು. "ತಪ್ಪಾಯ್ತು ದೇವಪ್ಪ. ನಿಮ್ಗೆ ಎಷ್ಟು ಸಂಕಟ ಆಯ್ತೋ ಏನೋ. ಉಳಿದವನ್ನೂ ನಾಳೆನೇ ತೆಗೀತೀನಿ."

"ಆಮೆ ಕಪ್ಪೆ ಇರ್ಲಿ ಬಿಡಿ ಸಾರ್, ಅವಕ್ಕೆ ನಾವೆಂತ ಮಾಡಲ್ಲ," ಅಂದ ಪುಟ್ಟಯ್ಯ. ಮತ್ತೆ ನಗು ಎದ್ದಿತು.

ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ದೇವಪ್ಪ. ನಕ್ಕೂ ನಕ್ಕೂ ಬಂಡೆಯ ಮೇಲೆ ಕೂತುಬಿಟ್ಟ. ಹಾವೂ ಸತ್ತಿರಲಿಲ್ಲ, ಕೋಲೂ ಮುರಿದಿರಲಿಲ್ಲ. ಮಗಳ ಹೊಟ್ಟೆ ತಣ್ಣಗಿತ್ತು. ಭಟ್ಟರು ದಕ್ಷಿಣೆ ಬೇಡವೆಂದು, ಉಳಿದ ಹಾಲನ್ನು ಕಮಲಕ್ಕನ ಕೈಗೆ ಕೊಟ್ಟು, ಮೇಷ್ಟ್ರ ಬೈಕಿನ ಹಿಂದೆ ಕೂತು ಹೋದರು.

ಗುಡ್ಡ ಇಳಿಯುವಾಗ ಮಾತ್ರ ಆ ನಗು ಒಂದೊಂದು ಹೆಜ್ಜೆಗೂ ಕಡಿಮೆಯಾಗುತ್ತ ಬಂತು. ಹಾವು ರಬ್ಬರಿನದು ಸರಿ, ಹೊಡೆದ ಕೈ ರಬ್ಬರಿನದಲ್ಲವಲ್ಲ. ಇನ್ನೊಂದು ವಿಚಾರವಂತೂ ಯಾರಿಗೂ ಹೇಳುವಂಥದಲ್ಲ. ಹೆಡೆ ಹಾರಿ ಬಿದ್ದಾಗ ಆದ ಆ ಒಂದು ಕ್ಷಣದ ಹಗುರ, ನಾಲ್ಕು ವರ್ಷದಿಂದ ಬೇಕಿದ್ದ ಹಗುರ, ಅದೂ ಈಗ ಇಲ್ಲದಂತಾಯಿತು. ಬಸವಮ್ಮನನ್ನು ಕಚ್ಚಿದ್ದು ಇನ್ನೂ ಯಾವುದೋ ಬೇಲಿಯಲ್ಲಿ ಹಾಯಾಗಿದೆ. ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಕವಲು ದಾರಿಯಲ್ಲಿ ಕಮಲಕ್ಕ ನಿಂತಳು. ಹಾಲಿನ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ದೇವಪ್ಪಣ್ಣ, ಮಿಷನ್ ಒಂಚೂರು ಸಣ್ಣ ಆಗಿತ್ತು. ಆಮೇಲೆ ಜೋರಾಯ್ತು. ನಾ ಹಿಂದೇನೇ ಇದ್ದೆ, ಕಿವಿ ಕೇಳ್ತದೆ ನಂಗೆ."

ದೇವಪ್ಪ ಮಿಷನ್ನಿನ ಬ್ಲೇಡಿಗೆ ಅಂಟಿದ್ದ ಹುಲ್ಲು ಕೀಳತೊಡಗಿದ.

"ನಾ ಯಾರಿಗೂ ಹೇಳಲ್ಲ," ಅಂದಳು. "ನೀ ಮಾತ್ರ ಒಬ್ನೇ ಇಟ್ಕಬೇಡ. ಮೊದ್ಲೇ ಒಣಗಿ ಕಡ್ಡಿ ಆಗೀಯ." ಅಷ್ಟು ಹೇಳಿ ತನ್ನ ಮನೆಯ ದಾರಿ ಹಿಡಿದಳು.

ಮನೆಗೆ ಬಂದಾಗ ಶಾಲಿನಿ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು, ಪುಟ್ಟಯ್ಯನ ದಯೆ. ಅಪ್ಪನನ್ನು ಕಂಡದ್ದೇ ಅವಳು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು.

"ಅಪ್ಪಯ್ಯ, ರಬ್ಬರ್ ಹಾವಿಗೆ ಸೂತಕ ಎಷ್ಟು ದಿನವಂತೆ?"

ದೇವಪ್ಪ ನಗಲಿಲ್ಲ. ಮಿಷನ್ ಇಳಿಸಿ ಗೋಡೆಗೆ ಒರಗಿಸಿದ. ಕೈಕಾಲು ತೊಳೆದು ಬಂದು ಅವಳ ಪಕ್ಕದಲ್ಲಿ ಕೂತು, ಒಂದು ಅವರೆಕಾಯಿ ಎತ್ತಿಕೊಂಡ. ಅದನ್ನು ಸುಲಿಯದೆ ಬೆರಳಿನಲ್ಲೇ ತಿರುಗಿಸಿದ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಸುರಿಗೆ ಇಂಥದ್ದು ಹೇಳಲೂ ಬಾರದು. ಆದರೂ ಹೇಳಿದ.

"ನಂಗೆ ಕಂಡಿತ್ತು, ಕೂಸೆ."

"ಎಂತದು?"

"ಹಾವು. ಹೆಡೆ ಎತ್ತಿತ್ತು. ಖರೇದು ಅಂತ್ಲೇ ತಿಳ್ಕಂಡು ಹೊಡ್ದೆ. ಬೇಕು ಅಂತ್ಲೇ ಹೊಡ್ದೆ. ಭಟ್ರ ಹತ್ರ ಸುಳ್ಳು ಹೇಳ್ದೆ. ನೀ ಹಿಂಗಿರೋದು ಗೊತ್ತಿದ್ದೂ ಹೊಡ್ದೆ."

ಶಾಲಿನಿಯ ನಗು ನಿಂತಿತು. ಮೊರದ ಮೇಲಿನ ಕೈಯೂ ನಿಂತಿತು. ದೇವಪ್ಪ ಅವಳ ಮುಖ ನೋಡಲಿಲ್ಲ. ಎದ್ದು ಒಳಗೆ ಹೋಗುತ್ತಾಳೆ, ಇಲ್ಲವೇ ನಾಳೆಯೇ ಬೇಗಾರಿಗೆ ಹೊರಡುತ್ತೇನೆ ಅನ್ನುತ್ತಾಳೆ ಅಂತ ಕಾದ.

"ಅವ್ವ ನೆನಪಾದ್ಲಾ?" ಎಂದು ಕೇಳಿದಳು.

ದೇವಪ್ಪ ತಲೆ ಆಡಿಸಿದ. ಆ ಮನೆಯಲ್ಲಿ ನಾಲ್ಕು ವರ್ಷದಿಂದ ಬಸವಮ್ಮನ ಮಾತು ಬಂದಾಗಲೆಲ್ಲ ಒಬ್ಬರು ಬಾವಿಯ ಕಡೆ, ಇನ್ನೊಬ್ಬರು ಕೊಟ್ಟಿಗೆಯ ಕಡೆ ಎದ್ದು ಹೋಗುತ್ತಿದ್ದರು. ಮಗಳ ಎದುರು ಅಪ್ಪ ಗಟ್ಟಿಯಾಗಿರಬೇಕು ಅಂತ ಅವನು, ಅಪ್ಪನ ಎದುರು ಅಳಬಾರದು ಅಂತ ಅವಳು. ಈ ಸಲ ಇಬ್ಬರೂ ಏಳಲಿಲ್ಲ.

"ನಾನಾಗಿದ್ರೂ ಹೊಡೀತಿದ್ದೆ," ಅಂದಳು ಶಾಲಿನಿ.

"ಶ್, ಬಾಯಿ ಮುಚ್ಚೇ! ಹೊಟ್ಟೇಲಿ ಇಟ್ಕಂಡು ಎಂತ ಮಾತು ಆಡ್ತೀಯ!" ದೇವಪ್ಪ ಬೆಚ್ಚಿ ಅವಳ ಬಾಯಿಗೆ ಕೈ ಅಡ್ಡ ಹಿಡಿದ. ಅವಳು ಆ ಕೈಯನ್ನು ಸರಿಸಿದಳು.

"ಎರಡು ಸಲ ಹೊಡೀತಿದ್ದೆ ಅಪ್ಪಯ್ಯ. ಸತ್ತಿದ್ಯೋ ಇಲ್ವೋ ಅಂತ ಬಗ್ಗಿ ನೋಡಿ, ಮತ್ತೊಂದು ಸಲ ಹೊಡೀತಿದ್ದೆ."

ಹೇಳುತ್ತ ಹೇಳುತ್ತಲೇ ಅವಳು ಅಳಲು ಶುರುಮಾಡಿದಳು. ದೇವಪ್ಪ ಸಮಾಧಾನ ಹೇಳಬೇಕೆಂದು ಬಾಯಿ ತೆರೆದ, ಅಲ್ಲಿಂದ ಬಂದದ್ದೂ ಅಳುವೇ. ದಾರಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಅಂತ ಇಬ್ಬರೂ ಜಗುಲಿಯ ಮೇಲೆ ಕೂತೇ ಅತ್ತರು. ಬಸವಮ್ಮ ಹೋದ ಮೇಲೆ ಅವರಿಬ್ಬರು ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.